ಕಾಫಿಬೀಜ ಕೊಳ್ಳುವ ಮುನ್ನ

ಕಾಫಿಯ ವಿಷಯವಾಗಿ ಮಾತನಾಡಲು ಹಲಕುಂದಿಯವನಾದ ನನಗೆ ಏನು ಅಧಿಕಾರ ಎಂದು ಕೇಳುಗರಲ್ಲಿ ಯಾರಾದರೂ ಪ್ರಶ್ನಿಸಿದರೆ ಅದು ನ್ಯಾಯವಾದ ಪ್ರಶ್ನೆಯೇ. ಬಳ್ಳಾರಿಯ ಸೆರಗಿನಲ್ಲಿರುವ ನಮ್ಮ ಊರಿನ ಸುತ್ತ ಕಾಣುವುದು ಎರೆಭೂಮಿ, ಜೋಳ, ಹತ್ತಿ ಮತ್ತು ಬಂಡೆಗಲ್ಲಿನ ಗುಡ್ಡ. ಕಾಫಿಗಿಡ ಬಯಸುವ ನೆರಳಾಗಲಿ ಮಳೆಯಾಗಲಿ ನಮ್ಮಲ್ಲಿ ಇಲ್ಲ. ಬೆಳೆಗಾರನ ಅಧಿಕಾರ ನನ್ನದಲ್ಲ. ಕೊಂಡು ಮೋಸಹೋದ ಗಿರಾಕಿಯ ಅಧಿಕಾರ ಮಾತ್ರ ನನ್ನದು. ಆದರೆ ನಾಡಿನಲ್ಲಿ ಬೆಳೆಗಾರರಿಗಿಂತ ಗಿರಾಕಿಗಳ ಸಂಖ್ಯೆಯೇ ದೊಡ್ಡದಾದ್ದರಿಂದ, ನನ್ನ ಅನುಭವ ಕೆಲವರಿಗಾದರೂ ಒದಗೀತು ಎಂಬ ಧೈರ್ಯದಿಂದ ಈ ಮಾತನ್ನು ಆರಂಭಿಸುತ್ತೇನೆ.

ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಕಾಫಿ ಎಂಬುದು ಎಲ್ಲ ಮನೆಗಳ ಪಾನೀಯವಾಗಿರಲಿಲ್ಲ. ಶಾಲಾಮಾಸ್ತರರಾಗಿದ್ದ ನಮ್ಮ ಅಪ್ಪನಿಗೆ ಮಾತ್ರ ಅದರ ಚಟವಿತ್ತು. ಬೆಂಗಳೂರಿಗೆ ಹೋದಾಗಲೆಲ್ಲ ಅವರು ಬಟ್ಟೆಯ ಚೀಲದಲ್ಲಿ ಎರಡು ಕಿಲೋ ಹಸಿಬೀಜ ತರುತ್ತಿದ್ದರು. ಹಸಿಬೀಜವೆಂದರೆ ಹುರಿಯದ ಬೀಜ; ಒದ್ದೆಯಾದದ್ದಲ್ಲ. ಭಾನುವಾರ ಬೆಳಗ್ಗೆ ಅವ್ವ ಇದ್ದಿಲ ಒಲೆಯ ಮೇಲೆ ಕಬ್ಬಿಣದ ಬಾಣಲೆಯಿಟ್ಟು ವಾರಕ್ಕೆ ಬೇಕಾದಷ್ಟನ್ನು ಹುರಿಯುತ್ತಿದ್ದಳು. ಆ ವಾಸನೆ ಓಣಿಯ ಕೊನೆಯವರೆಗೆ ಹೋಗುತ್ತಿತ್ತು. ಹುರಿಯುವ ಆ ಹೊತ್ತು ಮಕ್ಕಳಾದ ನಮಗೆ ಒಂದು ಉತ್ಸವ. ಬೀಜ ಚಟಪಟ ಸಿಡಿಯುವುದನ್ನು ಕೇಳಲು, ಹಾರುವ ಸಿಪ್ಪೆಯನ್ನು ಹಿಡಿಯಲು ನಾವು ಒಲೆಯ ಸುತ್ತ ಕುಕ್ಕುರುಗಾಲಿನಲ್ಲಿ ಕೂಡುತ್ತಿದ್ದೆವು.

ಆದರೆ ಇದಕ್ಕೆ ಮೊದಲು, ಅಪ್ಪ ಚೀಲ ತಂದ ದಿನವೇ, ಅವ್ವ ಬೀಜವನ್ನು ಮೊರಕ್ಕೆ ಸುರಿದುಕೊಂಡು ಬಾಗಿಲ ಬೆಳಕಿಗೆ ಹಿಡಿದು ಕೂಡುತ್ತಿದ್ದಳು. ಒಂದು ಹಿಡಿ ಮೂಸುವಳು, ಒಂದೆರಡನ್ನು ಹಲ್ಲಿನಲ್ಲಿ ಕಚ್ಚುವಳು, ಕೆಲವನ್ನು ಆರಿಸಿ ಬದಿಗಿಡುವಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಇದೂ ಒಂದು ಎಂದು ನಾವು ತಿಳಿದಿದ್ದೆವು. ಆ ಕೆಲಸವನ್ನು ಯಾರೂ ಕೂತು ನೋಡಲಿಲ್ಲ, ಯಾರೂ ಕಲಿಯಲಿಲ್ಲ.

ಮುಂದೆ ಅಂಗಡಿಯ ಪುಡಿ ಬಂತು, ಅದರೊಂದಿಗೆ ಚಿಕೋರಿಯೂ ಬಂತು. ಬಾಣಲೆ ಅಟ್ಟಕ್ಕೆ ಏರಿತು. ಅವ್ವ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ನಾನು ನಿವೃತ್ತನಾಗಿ ಮನೆಯಲ್ಲಿ ಕುಳಿತಾಗ, ಆ ಭಾನುವಾರದ ಕಾಫಿಯನ್ನು ಮತ್ತೊಮ್ಮೆ ಕುಡಿಯಬೇಕೆಂಬ ಹಂಬಲ ಹುಟ್ಟಿತು. ಬಾಣಲೆ ಇಳಿಸಿ ತಿಕ್ಕಿದ್ದಾಯಿತು. ಒಂದು ಅಂಗಡಿಯಲ್ಲಿ, ಅದು ಯಾವುದೆಂಬುದು ಇಲ್ಲಿ ಬೇಡ, ಒಂದು ಕಿಲೋ ಬೀಜ ಕೊಂಡೆ. ಪೊಟ್ಟಣದ ಮೇಲೆ ‘ಪ್ಲಾಂಟೇಷನ್ ಎ’ ಎಂದು ಬರೆದಿತ್ತು. “ಇದಕ್ಕಿಂತ ಮೇಲಿನದು ಬೇಕಾ ಸಾರ್ ನಿಮಗೆ?” ಎಂದು ಅಂಗಡಿಯವರು ಕೇಳಿದ ರೀತಿಯಲ್ಲಿಯೇ ಇನ್ನು ಪ್ರಶ್ನೆ ಕೇಳಬಾರದೆಂಬ ಸೂಚನೆಯಿತ್ತು. ಮನೆಗೆ ತಂದು ಹುರಿದೆ. ಕಾಫಿ ಗೋಣಿತಾಟಿನ ನೀರಿನಂತಿತ್ತು. ಉರಿ ಹೆಚ್ಚಾಯಿತೆಂದು ಎರಡನೆಯ ಸಲ ತಗ್ಗಿಸಿದೆ, ಮೂರನೆಯ ಸಲ ಬಾಣಲೆಯನ್ನೇ ಬದಲಿಸಿದೆ. ಫಲ ಅದೇ. ಊರಿಗೆ ಬಂದಿದ್ದ ನನ್ನ ಅಕ್ಕ ಒಂದು ಗುಟುಕು ಕುಡಿದು, “ಅವ್ವನ ಕೈ ಬ್ಯಾರೆ, ನಿನ್ನ ಕೈ ಬ್ಯಾರೆ, ಬಿಡಪ್ಪ” ಎಂದಳು. ನಾನೂ ಒಪ್ಪಿಕೊಂಡೆ. ಕಳೆದುಹೋದದ್ದೆಲ್ಲ ತಾಯಿಯ ಕೈಗುಣ ಎಂದುಕೊಂಡರೆ ಒಂದು ಬಗೆಯ ಸಮಾಧಾನವೂ ಉಂಟು. ಮುಂದೆ ವಿಚಾರ ಮಾಡುವ ಶ್ರಮ ತಪ್ಪುತ್ತದೆ.

ಆ ಸಮಾಧಾನವನ್ನು ಕೆಡಿಸಿದವರು ಚಿಕ್ಕಮಗಳೂರಿನ ಕಡೆಯ ಒಬ್ಬ ಸಣ್ಣ ಬೆಳೆಗಾರರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅಧ್ಯಾಪಕರಾಗಿ ಆ ಸೀಮೆಗೆ ಹೋದವರು ಅಲ್ಲಿಯೇ ಮದುವೆಯಾಗಿ ನೆಲೆಸಿದ್ದಾರೆ. ಇವರು ಅವರ ಮಾವನವರು. ಐದು ಎಕರೆಯ ತೋಟ. ಚಿತ್ರದುರ್ಗ, ಕಡೂರುಗಳನ್ನು ದಾಟಿ ಅವರ ಮನೆಗೆ ಹೋದಾಗ, ಉಳಿದಿದ್ದ ಬೀಜವನ್ನು ಒಂದು ಸಣ್ಣ ಡಬ್ಬಿಯಲ್ಲಿ ಒಯ್ದಿದ್ದೆ. ಅವರು ಅಂಗೈಯಲ್ಲಿ ಹರಡಿಕೊಂಡು ಒಂದು ಸಲ ಮೂಸಿ, “ಮೇಷ್ಟ್ರೇ, ಇದರಲ್ಲಿ ನಿಮ್ಮ ತಪ್ಪೇನಿಲ್ಲ. ಇದು ಮೂರು ವರ್ಷದ ಹಳೇ ಮಾಲು. ಇದನ್ನ ಯಾರು ಹುರಿದರೂ ಇಷ್ಟೇ” ಎಂದರು. “ಆದರೆ ಪ್ಲಾಂಟೇಷನ್ ಎ ಎಂದು ಬರೆದಿತ್ತಲ್ಲ?” ಎಂದೆ. “ಅದೇನು ಸುಳ್ಳಲ್ಲ. ಅದು ಜರಡಿ ಲೆಕ್ಕ” ಎಂದು ನಕ್ಕರು. ಇಂದು ನಾನು ಹೇಳಹೊರಟಿರುವುದೆಲ್ಲ ಈ ‘ಜರಡಿ ಲೆಕ್ಕ’ ಎಂಬ ಮಾತಿನ ವಿವರಣೆಯೇ ಆಗಿದೆ.

ಕಾಫಿಯ ಹಣ್ಣು ಕೆಂಪಗೆ, ಸಣ್ಣ ಬೋರೆಹಣ್ಣಿನ ಹಾಗೆ ಇರುತ್ತದೆ. ಒಳಗೆ ಸಾಧಾರಣವಾಗಿ ಎರಡು ಬೀಜಗಳು, ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಹಣ್ಣಿನಿಂದ ಬೀಜ ತೆಗೆಯಲು ಎರಡು ದಾರಿಗಳಿವೆ. ಒಂದು, ಕೊಯ್ದ ದಿನವೇ ಪಲ್ಪರ್ ಯಂತ್ರಕ್ಕೆ ಕೊಟ್ಟು ತಿರುಳನ್ನು ಸುಲಿದು, ಅಂಟನ್ನು ಕಳೆದು, ನೀರಿನಲ್ಲಿ ತೊಳೆದು, ಬೀಜದ ಮೇಲಿನ ಗಟ್ಟಿ ಹೊದಿಕೆಯೊಂದಿಗೆ ಒಣಗಿಸುವುದು. ಇದನ್ನು ತೋಟದವರು ಪಾರ್ಚ್‌ಮೆಂಟ್ ಎನ್ನುತ್ತಾರೆ. ಇನ್ನೊಂದು, ಇಡಿಯ ಹಣ್ಣನ್ನೇ ಕಣದಲ್ಲಿ ಹರಡಿ ಒಣಗಿಸಿ ಆಮೇಲೆ ಕುಟ್ಟಿ ಬೀಜ ಬಿಡಿಸುವುದು. ಇದಕ್ಕೆ ಚೆರಿ ಎಂದು ಹೆಸರು. ಇವೆರಡೂ ಅಲ್ಲಿಂದ ಕ್ಯೂರಿಂಗ್ ಕಾರ್ಖಾನೆಗಳಿಗೆ ಹೋಗಿ ಹೊದಿಕೆ ಕಳೆದುಕೊಂಡು, ಗಾತ್ರಕ್ಕೆ ತಕ್ಕಂತೆ ಜರಡಿಯಾಗಿ, ಆರಿಸಲ್ಪಟ್ಟು, ನಮ್ಮ ಕೈಗೆ ಬರುವ ಹಸಿಬೀಜಗಳಾಗುತ್ತವೆ.

ನಮ್ಮ ದೇಶದ ವ್ಯಾಪಾರದಲ್ಲಿ ‘ಪ್ಲಾಂಟೇಷನ್’ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ ಎಂದಷ್ಟೇ ಅರ್ಥ. ದೊಡ್ಡ ತೋಟವೆಂದೇನೂ ಅಲ್ಲ. ಅರ್ಧ ಎಕರೆಯವನ ಬೀಜವೂ ತೊಳೆದದ್ದಾದರೆ ಪ್ಲಾಂಟೇಷನ್ನೇ. ಅದರ ಮುಂದಿನ ‘ಎ’ ಎಂಬ ಅಕ್ಷರ, ಆರೂವರೆ ಮಿಲಿಮೀಟರಿಗಿಂತ ತುಸು ದೊಡ್ಡದಾದ ಕಣ್ಣಿನ ಜರಡಿಯ ಮೇಲೆ ಉಳಿದ ಬೀಜ ಎಂಬುದನ್ನು ಹೇಳುತ್ತದೆ. ಅದಕ್ಕೂ ದಪ್ಪನಾದದ್ದು ‘ಎಎ’, ಸಣ್ಣದು ‘ಬಿ’, ಇನ್ನೂ ಸಣ್ಣದು ‘ಸಿ’. ಶಾಲೆಯಲ್ಲಿ ಅಂಕಪಟ್ಟಿ ನೋಡಿ ಬೆಳೆದ ನಮ್ಮ ಕಣ್ಣಿಗೆ ‘ಎ’ ಎಂದೊಡನೆ ಮೊದಲ ದರ್ಜೆ ಎಂದು ತೋರುತ್ತದೆ. ಅದು ಎತ್ತರದ ಅಳತೆ, ಗುಣದ ಅಳತೆಯಲ್ಲ. ತರಗತಿಯಲ್ಲಿ ಎತ್ತರದ ಹುಡುಗರನ್ನೆಲ್ಲ ಮೊದಲ ದರ್ಜೆಯಲ್ಲಿ ಪಾಸು ಮಾಡಿದಂತೆ ನಾನು ಆ ಪೊಟ್ಟಣವನ್ನು ಪಾಸು ಮಾಡಿದ್ದೆ.

ಹಾಗೆಂದು ಜರಡಿ ನಿರುಪಯೋಗಿಯೇನಲ್ಲ. ಒಂದೇ ಗಾತ್ರದ ಬೀಜಗಳು ಒಂದೇ ಹದದಲ್ಲಿ ಹುರಿಯುತ್ತವೆ; ಸಣ್ಣದು ದೊಡ್ಡದು ಬೆರೆತರೆ ಸಣ್ಣದು ಕರಿಕಾಗುವ ಹೊತ್ತಿಗೆ ದೊಡ್ಡದರ ಒಡಲು ಇನ್ನೂ ಹಸಿಯಾಗಿರುತ್ತದೆ. ಬಾಣಲೆಯಲ್ಲಿ ಹುರಿಯುವವರಿಗೆ ಈ ಕಾರಣದಿಂದ ಗಾತ್ರ ಮುಖ್ಯ. ಇನ್ನು, ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಬೆಳೆದು ದುಂಡಗಾಗುವುದುಂಟು. ಅದನ್ನು ಬೇರೆಯಾಗಿ ಆರಿಸಿ ಪೀಬೆರಿ ಎಂದು ಮಾರುತ್ತಾರೆ. ಅದು ಬಾಣಲೆಯಲ್ಲಿ ಬಟಾಣಿಯಂತೆ ಉರುಳುವುದರಿಂದ ಎಲ್ಲ ಮೈಗೂ ಬಿಸಿ ಹತ್ತುತ್ತದೆ. ಪೀಬೆರಿಯ ರುಚಿ ದೊಡ್ಡದು ಎಂಬ ನಂಬಿಕೆ ನಮ್ಮ ದಕ್ಷಿಣದ ಮನೆಗಳಲ್ಲಿ ಬಲವಾಗಿದೆ. ಆ ಕೀರ್ತಿಯಲ್ಲಿ ಅರ್ಧ ಪಾಲಾದರೂ ಈ ಉರುಳುವ ಗುಣಕ್ಕೆ ಸಲ್ಲಬೇಕೆಂದು ನನ್ನ ಎಣಿಕೆ.

ಅರೇಬಿಕಾ ಮತ್ತು ರೊಬಸ್ಟಾಗಳನ್ನು ಗುರುತಿಸುವುದು ಕಷ್ಟವಲ್ಲ. ಅರೇಬಿಕಾ ಬೀಜ ನೀಳ, ಅದರ ನಡುಗೆರೆ ಸ್ವಲ್ಪ ಡೊಂಕು. ರೊಬಸ್ಟಾ ಗುಂಡಗೆ, ಗೆರೆ ನೇರ. ಮೊದಲನೆಯದರಲ್ಲಿ ಪರಿಮಳ ಮತ್ತು ಹಿತವಾದ ಹುಳಿ. ಎರಡನೆಯದರಲ್ಲಿ ಕಹಿ, ಗಾಢತೆ, ಹೆಚ್ಚುಕಡಿಮೆ ಎರಡರಷ್ಟು ಕೆಫೀನು. ನಾವು ಹಾಲು ಬೆರೆಸಿ ಕುಡಿಯುವವರಾದ್ದರಿಂದ ಸ್ವಲ್ಪ ರೊಬಸ್ಟಾ ಇದ್ದರೆ ಡಿಕಾಕ್ಷನ್ನಿಗೆ ಮೈ ಬರುತ್ತದೆ. ಆದರೆ ಎರಡನ್ನೂ ಬೇರೆ ಬೇರೆ ಹುರಿದು ಆಮೇಲೆ ಬೆರೆಸಬೇಕು.

ಗಾತ್ರ ರುಚಿಯನ್ನು ಹೇಳದು. ಹಾಗಾದರೆ ಯಾವುದು ಹೇಳುತ್ತದೆ? ಯಾವ ತೋಟದ್ದು, ಹೇಗೆ ಒಣಗಿಸಿದ್ದು, ಎಲ್ಲಕ್ಕಿಂತ ಮಿಗಿಲಾಗಿ ಯಾವ ವರ್ಷದ ಕೊಯ್ಲು ಎಂಬ ಸಂಗತಿಗಳು. ಈ ಪ್ರಶ್ನೆಗಳನ್ನು ನಾವು ಏಕೆ ಕೇಳುವುದಿಲ್ಲ ಎಂಬುದಕ್ಕೆ ಒಂದು ಚರಿತ್ರೆಯಿದೆ. ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟ ಐತಿಹ್ಯ ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ ಸಂಗತಿ ತೀರ ಈಚಿನದು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗೆಟ್ಟಾಗ ಸರ್ಕಾರ ನಡುವೆ ಪ್ರವೇಶಿಸಿತು. 1942ರ ಕಾಫಿ ಕಾಯಿದೆ ಬಂತು. ಅದರಂತೆ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಲಿಯ ಪೂಲಿಗೆ ಒಪ್ಪಿಸಬೇಕು. ಮಂಡಲಿ ಹರಾಜು ಹಾಕಿ, ಬಂದ ಹಣವನ್ನು ಕಂತುಕಂತಾಗಿ ಹಂಚಬೇಕು. ಸಂಕಟದ ಕಾಲದಲ್ಲಿ ಈ ವ್ಯವಸ್ಥೆ ಬೆಳೆಗಾರನನ್ನು ಕಾಪಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಕಟ ಕಳೆದ ಮೇಲೂ ಅದು ಅರ್ಧ ಶತಮಾನ ಉಳಿಯಿತು. ನೂರು ತೋಟಗಳ ಬೀಜ ಒಂದೇ ರಾಶಿಗೆ ಬಿದ್ದಾಗ ತೋಟದ ಹೆಸರು ಹೋಯಿತು, ಬೆಟ್ಟದ ಹೆಸರು ಹೋಯಿತು. ಉಳಿದದ್ದು ದರ್ಜೆಯ ಅಕ್ಷರವೊಂದೇ. ತಲೆಮಾರುಗಳ ಕಾಲ ಗಿರಾಕಿ ಆ ಅಕ್ಷರವನ್ನೇ ಓದುತ್ತ ಬಂದ. 1992ರಿಂದ ಕಟ್ಟು ಸಡಿಲವಾಗುತ್ತ ಬಂದು, 1996ರಲ್ಲಿ ಬೆಳೆಗಾರನಿಗೆ ತನ್ನ ಬೀಜವನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ಬಂತು. 2019ರಲ್ಲಿ ಕೊಡಗಿನ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ, ಬಾಬಾಬುಡನ್‌ಗಿರಿಯ ಅರೇಬಿಕಾ ಎಂದು ನೆಲದ ಹೆಸರುಗಳಿಗೇ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೂ ನಮ್ಮ ನಾಲಗೆಯ ಮೇಲೆ ಇನ್ನೂ ನಿಂತಿರುವುದು ‘ಎ ಕೊಡಿ’ ಎಂಬ ಮಾತೇ.

ತೇಜಸ್ವಿಯವರ ಬರಹಗಳನ್ನು ಓದಿದವರಿಗೆ ಮೂಡಿಗೆರೆಯ ಕಾಫಿ ಬೆಳೆಗಾರನ ಪಾಡು ತಕ್ಕಮಟ್ಟಿಗೆ ಪರಿಚಿತ. ತೋಟ ಎಂದೊಡನೆ ಕುದುರೆಯೇರಿದ ದೊರೆಗಳನ್ನು ನೆನೆಯುವವರು ತಿಳಿಯಬೇಕಾದ್ದೆಂದರೆ, ಈ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಸಣ್ಣವು. ನಾನು ಹೇಳಿದ ಆ ಮಾವನವರಂಥವರು ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಸಿ, ಕಣದಲ್ಲಿ ಹಗಲೆಲ್ಲ ಕೈಯಾಡಿಸಿ, ಸಂಜೆ ಮುಚ್ಚಿ, ಮಳೆ ಬಂದರೆ ನಡುರಾತ್ರಿ ಎದ್ದು ಓಡುತ್ತಾರೆ. ಗಿರಾಕಿ ಅಕ್ಷರವನ್ನಷ್ಟೇ ಕೇಳಿದರೆ ಈ ದುಡಿಮೆಗೆ ಪ್ರತ್ಯೇಕ ಬೆಲೆ ಬರುವುದಿಲ್ಲ. “ಚೆನ್ನಾಗಿ ಒಣಗಿಸಿದ್ದಕ್ಕೂ ಅದೇ ರೇಟು, ಹೆಂಗೋ ಒಣಗಿಸಿದ್ದಕ್ಕೂ ಅದೇ ರೇಟು ಅಂದ್ರೆ ರಾತ್ರಿ ಯಾರು ಏಳ್ತಾರೆ ಮೇಷ್ಟ್ರೇ?” ಎಂದು ಅವರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಈಗ ಬೀಜವನ್ನು ನೋಡುವ ಬಗೆ. ಅವರ ಜಗುಲಿಯಲ್ಲಿ ಅವರು ಕಲಿಸಿದ್ದನ್ನೇ, ನನ್ನ ಅವ್ವ ಬಾಗಿಲ ಬೆಳಕಿನಲ್ಲಿ ಮಾಡುತ್ತಿದ್ದುದನ್ನೇ, ಹೇಳುತ್ತೇನೆ. ಒಂದು ಹಿಡಿ ಬೀಜವನ್ನು ಬಿಳಿಯ ಕಾಗದದ ಮೇಲೆ ಹರಡಬೇಕು. ತೊಳೆದ ಅರೇಬಿಕಾ ಹೊಸದಾಗಿದ್ದರೆ ನೀಲಿ ಬೆರೆತ ಹಸಿರು. ಚೆರಿಯಾದರೆ ಹಳದಿ ಕಂದು. ತೊಳೆದ ಬೀಜವೇ ಹುಲ್ಲಿನ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಬಿಳಿಚಿಕೊಂಡಿದ್ದರೆ ಅದು ಹಳೆಯದು, ಇಲ್ಲವೆ ತೇವ ಕುಡಿದದ್ದು. ಮೂಸಿದರೆ ಹಸಿ ಬಟಾಣಿಯ, ಒಣಹುಲ್ಲಿನ ಹಿತವಾದ ವಾಸನೆ ಬರಬೇಕು. ಗೋಣಿಚೀಲದ, ಮುಗ್ಗಿನ ವಾಸನೆ ಬಂದರೆ ಅಲ್ಲಿಗೇ ಬಿಡಬೇಕು. ಹುರಿದರೆ ಹೋದೀತೆಂಬ ಆಸೆ ಬೇಡ, ಅದು ಲೋಟದವರೆಗೂ ಬರುತ್ತದೆ. ಕಚ್ಚಿದರೆ ಹಲ್ಲು ಇಳಿಯಬಾರದು, ಗುರುತಷ್ಟೇ ಮೂಡಬೇಕು. ಹಲ್ಲು ಇಳಿದರೆ ತೇವ ಹೆಚ್ಚು. ಪುಡಿಯಾಗಿ ಸಿಡಿದರೆ ತೀರ ಒಣಗಿದೆ. ಸರಿಯಾಗಿ ಒಣಗಿದ ಬೀಜದಲ್ಲಿ ನೂರಕ್ಕೆ ಹತ್ತು ಹನ್ನೊಂದು ಪಾಲು ತೇವವಿರುತ್ತದೆ. ಇನ್ನು ಕರಿಯ ಬೀಜ, ಒಡಕು, ಸೂಜಿಮೊನೆಯಷ್ಟು ತೂತಿನ ಬೀಜಗಳನ್ನು ಎಣಿಸಬೇಕು. ಆ ತೂತು ಕಾಯಿಕೊರಕ ಹುಳುವಿನದು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ಹಬ್ಬಿದ ಪಿಡುಗು. ಹಿಡಿಯಲ್ಲಿ ಒಂದೆರಡು ಸಿಕ್ಕರೆ ಆರಿಸಿ ಎಸೆಯಬಹುದು. ಹತ್ತು ಸಿಕ್ಕರೆ ಅಂಗಡಿಯನ್ನು ಬದಲಿಸುವುದು ಲೇಸು.

ಬಿಳಿಚಿದ ಬೀಜವೆಲ್ಲ ಹಳೆಯದೆಂದು ತೀರ್ಮಾನಿಸುವ ಆತುರವೂ ಬೇಡ. ಹಿಂದೆ ನಮ್ಮ ಕಾಫಿ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲೆ ಸಾಗಿ ಯೂರೋಪು ಮುಟ್ಟುವಾಗ, ತೇವಗಾಳಿಗೆ ಊದಿಕೊಂಡು ಬಣ್ಣ ಕಳೆದುಕೊಳ್ಳುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ರೂಢಿಯಾಯಿತು. ಹಡಗುಗಳು ವೇಗವಾದ ಮೇಲೆ ಆ ರುಚಿ ತಪ್ಪಿಹೋಯಿತೆಂದು ಅವರು ದೂರಿದಾಗ, ಮಂಗಳೂರಿನ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಜವನ್ನು ತೆರೆದ ಗೋದಾಮುಗಳಲ್ಲಿ ಹರಡಿ, ಮುಂಗಾರಿನ ಗಾಳಿಗೆ ಒಡ್ಡಿ, ಅದೇ ಪರಿಣಾಮವನ್ನು ಬೇಕೆಂದೇ ಉಂಟುಮಾಡುವ ಪದ್ಧತಿ ಬಂತು. ಮಾನ್‌ಸೂನ್ಡ್ ಮಲಬಾರ್ ಎಂದು ಅದರ ಹೆಸರು. ಆ ಬೀಜ ಬೆಳ್ಳಗೆ, ಆದರೆ ದಪ್ಪಗೆ ಉಬ್ಬಿರುತ್ತದೆ. ಹಳಸಿದ ಬೀಜ ಬೆಳ್ಳಗೆ, ಆದರೆ ಸೊರಗಿರುತ್ತದೆ. ಹುಳಿ ಸಹಿಸದವರಿಗೆ ಅದು ಒಳ್ಳೆಯ ಕಾಫಿ.

ಬಳ್ಳಾರಿಯವರಾದ ನಮಗೆ ಇದಕ್ಕೆ ತದ್ವಿರುದ್ಧವಾದ ತೊಂದರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೆ. ಒಣಗಿ, ಕ್ಯೂರಿಂಗ್ ಆಗಿ ಹೊಸ ಬೀಜ ಕೈಗೆ ಸಿಗುವುದು ಮಾರ್ಚಿನ ಹೊತ್ತಿಗೆ. ಅಂದರೆ ಹೊಸ ಬೀಜವೂ ನಮ್ಮ ಬಿಸಿಲೂ ಜೊತೆಯಾಗಿಯೇ ಬರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಲವತ್ತು ಡಿಗ್ರಿ ದಾಟುವ ಈ ಒಣಗಾಳಿ ಬೀಜದ ತೇವವನ್ನು ಹೀರುತ್ತದೆ. ಹಾಗೆ ಹೀರಿಹೋದ ಬೀಜ ಬಾಣಲೆಯಲ್ಲಿ ಬೇಗ ಕರಿಕಾಗುತ್ತದೆ, ಪರಿಮಳ ಕಟ್ಟುವುದಿಲ್ಲ. ಆ ವರ್ಷ ಮಲೆನಾಡಿನಿಂದ ತಂದ ಒಳ್ಳೆಯ ಬೀಜವನ್ನು ನನ್ನ ಹೆಂಡತಿ, ಹುಳು ಹಿಡಿಯದಿರಲೆಂದು, ಜೋಳ ಬೇಳೆಗಳ ಜೊತೆಗೆ ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿದಳು. ವರ್ಷದ ಕಾಳುಕಡಿಯನ್ನೆಲ್ಲ ಬಿಸಿಲಿಗೆ ಹಾಕಿ ಕಾಪಾಡುವ ಸೀಮೆ ನಮ್ಮದು, ಅವಳದು ತಪ್ಪೆನ್ನಲಾರೆ. ಆದರೆ ಕಾಫಿಬೀಜಕ್ಕೆ ಆ ಉಪಚಾರ ಒಗ್ಗದು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಮನೆಯಲ್ಲಿ ಅತ್ಯಂತ ತಂಪಾದ ಒಳಕೋಣೆಯಲ್ಲಿ, ನೆಲಕ್ಕೆ ಹತ್ತಿರವಾಗಿ ಇಡಬೇಕು. ಅಟ್ಟ ಬೇಡ. ಒಲೆಯ ಬದಿ ಬೇಡ. ಫ್ರಿಜ್ಜಿನಲ್ಲಿಟ್ಟರೆ ತೆಗೆದಾಗಲೆಲ್ಲ ಬೆವರುತ್ತದೆ, ನಿನ್ನೆಯ ಸಾರಿನ ವಾಸನೆಯನ್ನೂ ಹಿಡಿಯುತ್ತದೆ. ಹಸಿಬೀಜ ತಂಪು ಸೀಮೆಯಲ್ಲಿ ವರ್ಷ ತಾಳಬಹುದು. ನಮ್ಮಲ್ಲಿ ಮೂರು ತಿಂಗಳಿಗಾಗುವಷ್ಟಕ್ಕಿಂತ ಹೆಚ್ಚು ಕೊಳ್ಳಬಾರದೆಂಬುದು ಕೆಡಿಸಿಕೊಂಡು ಕಲಿತ ಪಾಠ.

ಬೆಲೆಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಹುರಿಯುವಾಗ ತೇವ ಹೋಗಿ ಒಂದು ಕಿಲೋ ಹಸಿಬೀಜ ಎಂಟುನೂರರಿಂದ ಎಂಟುನೂರೈವತ್ತು ಗ್ರಾಂ ಆಗುತ್ತದೆ. ಅಂಗಡಿಯ ಪುಡಿಯೊಡನೆ ಹೋಲಿಸುವಾಗ ಈ ತೂಕವನ್ನು ಕಳೆದು ಲೆಕ್ಕ ಹಾಕಬೇಕು. ಪುಡಿಯಲ್ಲಿ ಚಿಕೋರಿ ಎಷ್ಟೆಂಬುದನ್ನೂ ನೋಡಬೇಕು. ನೂರಕ್ಕೆ ನಲವತ್ತೊಂಬತ್ತರವರೆಗೆ ಬೆರೆಸಲು ನಿಯಮದಲ್ಲಿ ಅವಕಾಶವಿದೆ. 2024ರಲ್ಲಿ ವಿಯೆಟ್ನಾಮಿನಲ್ಲೂ ಬ್ರೆಜಿಲ್ಲಿನಲ್ಲೂ ಬರ ಬಂದು ಕಾಫಿಯ ಬೆಲೆ ಜಗತ್ತಿನಾದ್ಯಂತ ಹಿಂದೆಂದೂ ಕಾಣದಷ್ಟು ಏರಿತು. ಬೆಲೆ ಏರಿದಾಗಲೇ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಚೀಲಗಳು ಅಂಗಡಿಯ ಮುಂಭಾಗಕ್ಕೆ ಬರುವುದು. ಅಂಥ ದಿನಗಳಲ್ಲಿ ಕೊಯ್ಲಿನ ವರ್ಷ ಕೇಳುವುದು ಒರಟುತನವಲ್ಲ. ಅಂಗಡಿಯವರು ಉತ್ತರ ಹೇಳಲಾರದೆ ಹೋದರೆ, ಕಾಲು ಕಿಲೋ ತಂದು ಹುರಿದು ನೋಡಿ, ಆಮೇಲೆ ಹೆಚ್ಚಿನದನ್ನು ಕೊಳ್ಳುವುದು ಕ್ಷೇಮ.

ಹುರಿಯುವ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಬೀಜ ಅರ್ಧ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ದಪ್ಪ ತಳದ ಬಾಣಲೆ, ನಡುಮಟ್ಟದ ಉರಿ, ಬಿಡದೆ ಆಡುವ ಕೈ, ಹದಿನೈದು ನಿಮಿಷದ ತಾಳ್ಮೆ. ಹಸಿರು ಹಳದಿಯಾಗುತ್ತದೆ, ಹುರಿದ ಜೋಳದ ವಾಸನೆ ಬರುತ್ತದೆ, ಕಂದಾಗುತ್ತ ಬಂದು ಚಟಚಟನೆ ಸಿಡಿಯುತ್ತದೆ. ಆ ಸಿಡಿತ ನಿಂತ ಮೇಲೆ ಸ್ವಲ್ಪ ಹೊತ್ತು ಮೌನ. ಮತ್ತೆ ಮೆಲ್ಲಗೆ, ಒಣ ಎಲೆ ತುಳಿದಂತೆ, ಎರಡನೆಯ ಸಿಡಿತ ತೊಡಗುತ್ತದೆ. ಫಿಲ್ಟರ್ ಕಾಫಿಗೆ ಆ ಎರಡನೆಯದು ತೊಡಗುವ ಹೊತ್ತಿಗೆ ಇಳಿಸಿ, ಮೊರಕ್ಕೆ ಸುರಿದು, ಕೇರಿ ತಣಿಸಬೇಕು. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಬೀಜ ಹುರಿಯುತ್ತಲೇ ಇರುತ್ತದೆ. ಒಂದು ದಿನ ಬಿಟ್ಟು ಬೀಸಿದರೆ ರುಚಿ ಕೂಡಿಕೊಳ್ಳುತ್ತದೆ.

ಹೋದ ಮಾರ್ಚಿನಲ್ಲಿ ಆ ಬೆಳೆಗಾರರು ಕಳಿಸಿದ ಬೀಜ ಬಂದ ದಿನ ಅಕ್ಕ ನಮ್ಮಲ್ಲಿಯೇ ಇದ್ದಳು. ನಾನು ಅದನ್ನು ಮೊರಕ್ಕೆ ಸುರಿದು ಬಾಗಿಲ ಬೆಳಕಿಗೆ ಹಿಡಿದು, ಒಂದು ಬೀಜವನ್ನು ಕಚ್ಚಿದೆ. ಅಕ್ಕ ಬಹಳ ಹೊತ್ತು ನೋಡುತ್ತ ಕುಳಿತಿದ್ದು, ಆಮೇಲೆ ಎದ್ದು ಬಂದು ಮೊರದ ಆಚೆ ಬದಿಗೆ ಕುಳಿತು ಕರಿಯ ಬೀಜಗಳನ್ನು ಆರಿಸತೊಡಗಿದಳು. “ಅವ್ವ ಇದನ್ನ ಮಾಡತಿದ್ದಳು, ನೆಪ್ಪಿದೆ. ಯಾಕಂತ ಒಂದು ದಿನಾನೂ ಕೇಳಲಿಲ್ಲ ನೋಡು” ಎಂದಳು. ಆರಿಸಿದ್ದು ಮುಗಿದ ಮೇಲೆ ಬೀಜವನ್ನು ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಕೊಯ್ಲಿನ ವರ್ಷವನ್ನೂ ತಂದ ತಿಂಗಳನ್ನೂ ಸೀಮೆಸುಣ್ಣದಲ್ಲಿ ಬರೆದು ಒಳಕೋಣೆಯಲ್ಲಿಟ್ಟೆ.